ಒಂದು ಆಲೆಮನೆ, ಆರು ಮಾಧ್ಯಮ

ದೊಡ್ಡಪ್ಪನ ಆಲೆಮನೆಯಲ್ಲಿ ಗಡಿಯಾರ ಇಲ್ಲ. ಒಂದು ಬಟ್ಟಲು ತಣ್ಣೀರು ಇದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಮಂದವಾಗುತ್ತಾ ಬಂದಾಗ ಒಂದು ತೊಟ್ಟು ತೆಗೆದು ಆ ನೀರಿಗೆ ಬಿಡುತ್ತಾರೆ. ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಉಂಡೆ ನಿಂತರೆ ಕೊಪ್ಪರಿಗೆ ಇಳಿಸಬೇಕು. ಕರಗಿದರೆ ಇನ್ನೂ ಸ್ವಲ್ಪ ಹೊತ್ತು. ಹದ ತಪ್ಪಿದರೆ ಅಷ್ಟೂ ಬೆಲ್ಲ ಹಾಳು.

ಇದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಇದಕ್ಕೂ ನಾನು ಓದುತ್ತಿರುವ ಕಲೆಗೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಈ ವರ್ಷ.

ನಾನು ಮೈಸೂರಿನಲ್ಲಿ ದೃಶ್ಯಕಲೆ ಓದುತ್ತಿದ್ದೇನೆ. ನಾಲ್ಕು ವರ್ಷದ ಕೋರ್ಸು, ಇದು ಕೊನೆಯ ವರ್ಷ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಿಂದ ದಿನಾ ರೈಲಿನಲ್ಲಿ ಓಡಾಟ. ವರ್ಷದ ಶುರುವಿನಲ್ಲಿ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. ಒಂದೇ ವಿಷಯ ಆರಿಸಿಕೊಳ್ಳಬೇಕು. ಅದನ್ನು ಐದಕ್ಕೆ ಕಡಿಮೆ ಇಲ್ಲದಷ್ಟು ಮಾಧ್ಯಮಗಳಲ್ಲಿ ಮಾಡಬೇಕು. ಪ್ರತಿ ಸಲ ಏನಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು. ಒಬ್ಬಳು ಗೆಳತಿ ಚಾಮುಂಡಿ ಬೆಟ್ಟದ ನಂದಿಯನ್ನು ಆರಿಸಿಕೊಂಡಳು. ಇನ್ನೊಬ್ಬಳು ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳನ್ನು. ನಾನು ಆಲೆಮನೆ ಅಂದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಒಂದು ಒಳ್ಳೆ ಚಿತ್ರ ಬರೆಯುತ್ತೇನೆ, ಅದನ್ನೇ ಬೇರೆ ಬೇರೆ ಸಾಮಾನಿನಲ್ಲಿ ಮತ್ತೆ ಮಾಡುತ್ತೇನೆ. ಹಾಗೆ ಆಗಲಿಲ್ಲ. ಆರು ಸಲ ಮಾಡಿದೆ, ಆರು ಸಲವೂ ಬೇರೆ ಆಲೆಮನೆಯೇ ಕಂಡಿತು.

ಆಲೆಮನೆ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಕಬ್ಬಿನ ಜಲ್ಲೆಯನ್ನು ಗಾಣಕ್ಕೆ ಕೊಟ್ಟರೆ ಒಂದು ಕಡೆ ಹಾಲು ಬರುತ್ತದೆ, ಇನ್ನೊಂದು ಕಡೆ ಸಿಪ್ಪೆ. ಹಾಲನ್ನು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಸುಣ್ಣ ಹಾಕುತ್ತಾರೆ. ನಮ್ಮ ದೊಡ್ಡಪ್ಪ ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆಯನ್ನೂ ಬಿಡುತ್ತಾರೆ. ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ತೇಲುತ್ತದೆ, ಅದನ್ನು ಜಾಲರಿಯಲ್ಲಿ ತೆಗೆದು ಹಾಕುತ್ತಾರೆ. ಒಲೆಗೆ ಸೌದೆ ಬೇಡ, ಅಂಗಳದಲ್ಲಿ ಒಣಗಿದ ಸಿಪ್ಪೆಯೇ ಉರುವಲು. ಒಂದು ದಿನ ನಾನು ಥರ್ಮಾಮೀಟರ್ ತಂದು ನೋಡಿದೆ. ಉಂಡೆ ನಿಲ್ಲುವ ಹೊತ್ತಿಗೆ ಸುಮಾರು 118 ಡಿಗ್ರಿ ತೋರಿಸಿತು. ದೊಡ್ಡಪ್ಪನಿಗೆ ಹೇಳಿದೆ. "ಸರಿಯಾಗೇ ಐತೆ ಬುಡು" ಅಂದರು, ಥರ್ಮಾಮೀಟರಿಗೆ ಸರ್ಟಿಫಿಕೇಟ್ ಕೊಟ್ಟ ಹಾಗೆ.

ನೂರು ಕಿಲೋ ಕಬ್ಬು ಅರೆದರೆ ಸಿಗುವ ಬೆಲ್ಲ ಹತ್ತು ಕಿಲೋ ಆಸುಪಾಸು. ಉಳಿದದ್ದು ಆವಿಯಾಗಿ, ಸಿಪ್ಪೆಯಾಗಿ, ಮಡ್ಡಿಯಾಗಿ ಹೋಗುತ್ತದೆ. ನಾನು ಬೆಲ್ಲ ಬರೆಯಬೇಕು ಅಂತ ಹೋದವಳು. ಕೊನೆಗೆ ಜಾಸ್ತಿ ಕೆಲಸ ಮಾಡಿದ್ದು ಆ ಉಳಿದ ತೊಂಬತ್ತು ಕಿಲೋ ಮೇಲೆ.

ಮೊದಲು ಇದ್ದಿಲು. ಅಂಗಡಿಯಲ್ಲಿ ಚಾರ್ಕೋಲ್ ಸಿಗುತ್ತದೆ. ಆದರೆ ಮೈಸೂರಿನ ಹಳೆಯ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು, ಅದರಲ್ಲಿ ಮೊದಲ ಗೆರೆ ಹಾಕುತ್ತಿದ್ದರು ಅಂತ ಓದಿದ್ದೆ. ನಮ್ಮ ಹಿತ್ತಲಲ್ಲಿ ಹುಣಸೆ ಮರ ಇದೆ, ದೊಡ್ಡಪ್ಪನ ಹತ್ತಿರ ಒಲೆ ಇದೆ. ಹೆಬ್ಬೆರಳಿಗಿಂತ ಸಣ್ಣ ಕಡ್ಡಿಗಳ ಸಿಪ್ಪೆ ಸುಲಿದು, ಹಳೆಯ ತಗಡಿನ ಡಬ್ಬದಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಮಾಡಿ ಕೆಂಡದೊಳಗೆ ಇಟ್ಟೆ. ಡಬ್ಬದೊಳಗೆ ಗಾಳಿ ಇಲ್ಲದಿದ್ದರೆ ಕಡ್ಡಿ ಉರಿಯುವುದಿಲ್ಲ. ಅದರಲ್ಲಿರುವ ನೀರು, ಹೊಗೆ ಎಲ್ಲ ತೂತಿನಿಂದ ಹೊರಗೆ ಬರುತ್ತದೆ, ಕಪ್ಪು ಉಳಿಯುತ್ತದೆ.

ಮೊದಲ ಸಲ ಆತುರ ಮಾಡಿದೆ. ಡಬ್ಬ ಬಿಸಿ ಇರುವಾಗಲೇ ಮುಚ್ಚಳ ತೆಗೆದೆ. ಗಾಳಿ ತಾಗಿದ ಕೂಡಲೇ ಕಡ್ಡಿಗಳು ಕೆಂಪಗೆ ಹೊತ್ತಿಕೊಂಡು ಕಣ್ಣೆದುರೇ ಬೂದಿಯಾದವು. ಎರಡನೇ ಸಲ ತೂತಿನಿಂದ ಹೊಗೆ ನಿಲ್ಲುವ ತನಕ ಕಾದೆ. ಆಮೇಲೆ ಡಬ್ಬ ಹೊರಗೆ ತೆಗೆದು, ತೂತಿಗೆ ಮಣ್ಣು ಮೆತ್ತಿ, ರಾತ್ರಿಯೆಲ್ಲ ಹಾಗೇ ಬಿಟ್ಟೆ. ಬೆಳಗ್ಗೆ ತೆಗೆದಾಗ ಕಡ್ಡಿಗಳು ಟಿಣ್ ಟಿಣ್ ಅಂತ ಗಾಜಿನ ಬಳೆಯ ಹಾಗೆ ಸದ್ದು ಮಾಡಿದವು.

ಆ ಕಡ್ಡಿಯಲ್ಲಿ ಆಲೆಮನೆಯ ಒಳಗಿನ ಗೋಡೆ ಬರೆದೆ. ಎಷ್ಟೋ ವರ್ಷದ ಮಸಿ ಹಿಡಿದ ಗೋಡೆ ಅದು. ಇಷ್ಟು ದಿನ ನನಗೆ ಅದು ಬರೀ ಕಪ್ಪು. ಕಡ್ಡಿ ಹಿಡಿದು ಎರಡು ದಿನ ಅದರೆದುರು ಕೂತ ಮೇಲೆ ಆ ಕಪ್ಪಿನಲ್ಲೇ ಎಷ್ಟು ಬಗೆ ಇದೆ ಅಂತ ಗೊತ್ತಾಯಿತು. ಒಲೆ ಬಾಯಿಯ ಹತ್ತಿರ ಒಣಗಿದ ಕಪ್ಪು. ಕೊಪ್ಪರಿಗೆಯ ಮೇಲಿನ ತೊಲೆಗಳಲ್ಲಿ ಜಿಡ್ಡುಗಪ್ಪು. ಬಾಗಿಲ ಹತ್ತಿರ, ಜನ ಒರಗಿ ಒರಗಿ ಹೊಳಪು ಬಂದ ಕಪ್ಪು. ಪೆನ್ಸಿಲ್‌ನಲ್ಲಿ ಬರೆದಿದ್ದರೆ ಇದನ್ನು ನೋಡುತ್ತಿರಲಿಲ್ಲ. ಪೆನ್ಸಿಲ್ ಗೆರೆ ಕೇಳುತ್ತದೆ. ಇದ್ದಿಲು ಒರೆಸಿಕೊಳ್ಳುತ್ತದೆ, ಹರಡಿಕೊಳ್ಳುತ್ತದೆ, ಮಸಿಯ ಸ್ವಭಾವವೇ ಅದಕ್ಕೂ ಇದೆ.

ಜಲವರ್ಣದ ಕಥೆ ಬೇರೆ. ಜನವರಿಯ ಬೆಳಗ್ಗೆ ಆಲೆಮನೆಗೆ ಹೋದರೆ ಆವಿ ಮೊದಲು ಕಾಣುತ್ತದೆ, ಜನ ಆಮೇಲೆ. ಆ ಆವಿಯನ್ನು ಬರೆಯಬೇಕಿತ್ತು. ಬಿಳಿ ಬಣ್ಣ ತೆಗೆದುಕೊಂಡು ಮೇಲೆ ಹಚ್ಚಿದೆ. ಸುಣ್ಣ ಬಳಿದ ಹಾಗೆ ಕಂಡಿತು. ಹನ್ನೊಂದು ಹಾಳೆ ಹಾಳಾದವು. ಒಳ್ಳೆ ದಪ್ಪ ಹಾಳೆ, ಕಮ್ಮಿ ದುಡ್ಡಿನದಲ್ಲ. ಅಪ್ಪನಿಗೆ ಹೇಳುವುದಕ್ಕೇ ಕಷ್ಟವಾಯಿತು.

ಆಗ ಮೇಡಂ, "ಜಗನ್ಮೋಹನ ಅರಮನೆಗೆ ಹೋಗಿ ಹಲ್ದಂಕರ್ ಚಿತ್ರದ ಮುಂದೆ ಅರ್ಧ ಗಂಟೆ ನಿಂತು ಬಾ, ಏನೂ ಬರೀಬೇಡ" ಅಂದರು. 1861ರಲ್ಲಿ ಕಟ್ಟಿದ ಆ ಅರಮನೆಯಲ್ಲಿ 1915ರಿಂದ ಚಿತ್ರಶಾಲೆ ಇದೆ. ದೀಪ ಹಿಡಿದು ನಿಂತ ಹೆಂಗಸಿನ ಆ ಚಿತ್ರವನ್ನು ಮೈಸೂರಿಗೆ ಬಂದ ಯಾರು ತಾನೇ ನೋಡಿಲ್ಲ? ಎಸ್.ಎಲ್. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು. ಶಾಲೆಯ ಪ್ರವಾಸದಲ್ಲಿ ನಾನೂ ನೋಡಿದ್ದೆ. ತೈಲವರ್ಣ ಅಂತಲೇ ಅಂದುಕೊಂಡಿದ್ದೆ. ಅದು ಜಲವರ್ಣ.

ಹತ್ತಿರ ನಿಂತು ನೋಡಿದೆ. ಅವಳ ಅಂಗೈ ದೀಪಕ್ಕೆ ಅಡ್ಡ ಇದೆ. ಬೆರಳಿನ ಸಂದಿಯಲ್ಲಿ ಬೆಳಕು ಕೆಂಪಗೆ ಸೋರುತ್ತದೆ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದವೇ. ಬಣ್ಣ ತೆಳುವಾದ ಪರದೆ, ಅದರ ಹಿಂದಿನಿಂದ ಕಾಗದ ಹೊಳೆಯಬೇಕು. ಅಂದರೆ ಬೆಳಕನ್ನು ಮೊದಲೇ ಕಾಯ್ದಿಟ್ಟುಕೊಳ್ಳಬೇಕು, ಆಮೇಲೆ ತಂದು ಹಚ್ಚುವುದಕ್ಕೆ ಆಗುವುದಿಲ್ಲ. ಇದನ್ನು ತರಗತಿಯಲ್ಲಿ ಮೂರು ವರ್ಷದಿಂದ ಕೇಳಿದ್ದೆ. ನಂಬಿದ್ದು ಅವತ್ತು.

ಹನ್ನೆರಡನೇ ಹಾಳೆಯಲ್ಲಿ ಆವಿಯನ್ನು ಬರೆಯಲೇ ಇಲ್ಲ. ಹಾಳೆ ಒದ್ದೆ ಮಾಡಿ, ಆವಿ ಇರುವ ಜಾಗ ಬಿಟ್ಟು, ಸುತ್ತ ಗೋಡೆ, ತೊಲೆ, ಒಲೆಯ ಕೆಂಪು ಹಾಕಿದೆ. ಬಣ್ಣ ತಾನಾಗಿ ಹರಿದು ಆ ಬಿಳಿಯ ಅಂಚಿಗೆ ಬಂದು ನಿಂತಿತು. ಹಾಳೆ ತೀರಾ ಒದ್ದೆ ಇದ್ದರೆ ಬಣ್ಣ ಒಳಗೇ ನುಗ್ಗುತ್ತದೆ. ಒಣಗಿದರೆ ಅಂಚು ಕತ್ತರಿಸಿದ ಹಾಗೆ ಕಾಣುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದು ಹೊಳಪು ಆರುವುದನ್ನು ನೋಡುತ್ತಾ ಕೂರಬೇಕು. ಹೊಳಪು ಹೋಗಿ, ತಂಪು ಇನ್ನೂ ಉಳಿದಿರುವ ಒಂದು ಗಳಿಗೆ ಇದೆ, ಆಗ ಕುಂಚ ಇಡಬೇಕು. ನೋಟ್‌ಬುಕ್‌ನಲ್ಲಿ ಅವತ್ತು 'ಹದ' ಅಂತ ಒಂದೇ ಪದ ಬರೆದೆ. ಅದಕ್ಕಿಂತ ಸರಿಯಾದ ಪದ ಸಿಗಲಿಲ್ಲ.

ಮಣ್ಣಿನ ಕೆಲಸಕ್ಕೆ ಮೈಸೂರಿನ ಕುಂಬಾರಕೊಪ್ಪಲಿನಿಂದ ಮಣ್ಣು ತಂದೆ. ಕೊಪ್ಪರಿಗೆ ಇಳಿಸುವ ನಾಲ್ಕು ಜನರ ಉಬ್ಬುಶಿಲ್ಪ ಮಾಡುವ ಯೋಚನೆ. ಮಣ್ಣು ಕೈಗೆ ಬಂದಾಗ ತುಂಬಾ ಖುಷಿಯಾಯಿತು, ಯಾಕೆಂದರೆ ಭಾರ ಎಂಬುದು ಮೊದಲ ಸಲ ನಿಜವಾಗಿ ಸಿಕ್ಕಿತು. ಕಾಗದದ ಮೇಲೆ ಭಾರ ತೋರಿಸಬೇಕಾದರೆ ನೆರಳು ಹಾಕಬೇಕು. ಮಣ್ಣಿನಲ್ಲಿ ಬಗ್ಗಿದ ಬೆನ್ನು ಮಾಡಿದರೆ ಅದು ನಿಜವಾಗಿಯೂ ಕುಸಿಯುತ್ತದೆ, ಒಳಗಿನಿಂದ ಆಸರೆ ಕೊಡಬೇಕು. ಕೊಪ್ಪರಿಗೆ ಎತ್ತುವವರ ಕಾಲು ಯಾಕೆ ಅಷ್ಟು ಅಗಲಕ್ಕೆ ಇರುತ್ತದೆ ಅಂತ ನನಗೆ ಅರ್ಥವಾಗಿದ್ದು ನನ್ನ ಮಣ್ಣಿನ ಮನುಷ್ಯ ಎರಡು ಸಲ ಬಿದ್ದ ಮೇಲೆ.

ಸುಡುವಾಗ ಅದು ಒಡೆಯಿತು. ಮೇಲಿಂದ ಒಣಗಿದ ಹಾಗೆ ಕಂಡರೂ ಕೊಪ್ಪರಿಗೆಯ ದಪ್ಪ ಭಾಗದೊಳಗೆ ನೀರು ಉಳಿದಿತ್ತು. ಭಟ್ಟಿ ನೂರು ಡಿಗ್ರಿ ದಾಟಿದ ಕೂಡಲೇ ಆ ನೀರು ಆವಿಯಾಗುತ್ತದೆ, ಹೊರಗೆ ಬರಲು ದಾರಿ ಇಲ್ಲದಿದ್ದರೆ ಮಣ್ಣನ್ನು ಸಿಡಿಸುತ್ತದೆ. ಮೂರು ವಾರದ ಕೆಲಸ ಚೂರಾಗಿತ್ತು. ತುಂಬಾ ಅತ್ತೆ. ಎರಡನೆಯದನ್ನು ಮಾಡುವಾಗ ಹಿಂದಿನಿಂದ ಎಲ್ಲ ಕಡೆ ಹೆಬ್ಬೆರಳಿನಷ್ಟೇ ದಪ್ಪ ಉಳಿಯುವ ಹಾಗೆ ಕೆರೆದು ತೆಗೆದೆ. ನೆರಳಲ್ಲಿ ಬಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸಿದೆ. ಕೆನ್ನೆಗೆ ತಾಗಿಸಿ ನೋಡು, ತಣ್ಣಗಿದ್ದರೆ ಒಳಗೆ ನೀರಿದೆ ಅಂತ ಕುಂಬಾರಕೊಪ್ಪಲಿನ ಒಬ್ಬ ಅಜ್ಜಿ ಹೇಳಿಕೊಟ್ಟಿದ್ದರು. ದಿನಾ ಬೆಳಗ್ಗೆ ಕೆನ್ನೆಗೆ ತಾಗಿಸುತ್ತಿದ್ದೆ. ಎರಡನೆಯದು ಗಟ್ಟಿಯಾಗಿ ಕೆಂಪಗೆ ಬಂತು, ಆದರೆ ಮೊದಲಿದ್ದುದಕ್ಕಿಂತ ಚಿಕ್ಕದಾಗಿ. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ. ಅದನ್ನೂ ಮೊದಲೇ ಲೆಕ್ಕ ಹಿಡಿಯಬೇಕು.

ಆಮೇಲೆ ಲಿನೋಕಟ್, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಇಂಕು ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವುದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ನನಗೆ ಸುಲಭವಾಗಿ ಬಂತು. ನಿಂತ ಕಬ್ಬಿನ ಗದ್ದೆಯನ್ನು ಕೆತ್ತಿದೆ, ನೇರ ಗೆರೆಗಳು, ಕಪ್ಪು ಬಿಳುಪು. ಲಿನೋ ಹಾಳೆಯನ್ನು ಬಿಸಿಲಲ್ಲಿಟ್ಟರೆ ಮೆತ್ತಗಾಗಿ ಉಳಿ ಚೆನ್ನಾಗಿ ಓಡುತ್ತದೆ. ಕೆಳಗೆ 'ಆಲೆಮನೆ' ಅಂತ ಅಕ್ಷರ ಕೆತ್ತುವಾಗ ಮಾತ್ರ ಮೊದಲ ಸಲ ತಪ್ಪಿತು, ಅಚ್ಚಿನಲ್ಲಿ ಎಲ್ಲ ಉಲ್ಟಾ ಬಂತು. ಬಟರ್ ಪೇಪರ್ ಮೇಲೆ ಬರೆದು ಮಗುಚಿ ಹಾಕಿ ಮತ್ತೆ ಕೆತ್ತಿದೆ. ತಿರುಗಿಸಿ ನೋಡಿದಾಗ 'ಲೆ'ಯ ಸುರುಳಿ, 'ಮ'ದ ಹೊಟ್ಟೆ, ಹುಟ್ಟಿದಾಗಿನಿಂದ ಓದಿದ ಅಕ್ಷರಗಳೇ ಹೊಸ ಆಕಾರದ ಹಾಗೆ ಕಂಡವು. ಇನ್ನೊಂದು ನೆನಪು ರೋಲರ್‌ನ ಸದ್ದು. ಗಾಜಿನ ಮೇಲೆ ಇಂಕು ಸರಿಯಾಗಿ ಹರಡಿದಾಗ ರೋಲರ್ ಚರ್ ಅಂತ ಸಣ್ಣಗೆ ಸದ್ದು ಮಾಡುತ್ತದೆ. ಪಚ್ ಪಚ್ ಅಂದರೆ ಇಂಕು ಜಾಸ್ತಿ. ಕಿವಿಯಿಂದ ತಿಳಿಯುವ ಹದ ಅದು.

ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸವನ್ನೂ ನೋಡಿ ಬಂದೆ. ಹಿಂದೆ ಆನೆದಂತ ಕೂರಿಸುತ್ತಿದ್ದ ಜಾಗದಲ್ಲಿ ಈಗ ಹಲಸಿನಂಥ ಬೇರೆ ಬೇರೆ ಬಣ್ಣದ ಮರದ ಚೂರು. ಅದನ್ನು ಒಂದು ತಿಂಗಳಲ್ಲಿ ಕಲಿತೆ ಅಂತ ಹೇಳುವುದು ಆ ಕೆಲಸಗಾರರಿಗೆ ಅವಮಾನ. ನೋಡಿ ಕೈ ಮುಗಿದು ಬಂದೆ.

ನನ್ನನ್ನು ತುಂಬಾ ಸತಾಯಿಸಿದ್ದು ಮೈಸೂರು ಸಾಂಪ್ರದಾಯಿಕ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಳೆದ ಶೈಲಿ. ಹೆಚ್ಚಾಗಿ ದೇವರ ಚಿತ್ರ, ಅರಮನೆಯ ಚಿತ್ರ. ಅದರಲ್ಲಿ ಆಲೆಮನೆ ಬರೆಯಬಹುದಾ ಅಂತಲೇ ಅನುಮಾನ ಇತ್ತು. ಕಲಿಸಿದವರು ಮೈಸೂರಿನ ಒಬ್ಬ ಹಿರಿಯ ಕಲಾವಿದರು. ನಾನು ಹೆದರಿಕೊಂಡು ಕೇಳಿದಾಗ, "ಬೆಂಕಿ ದೇವರಲ್ವೇನಮ್ಮಾ?" ಅಂದರು. ಅಷ್ಟೇ, ಮುಂದೆ ಮಾತಿಲ್ಲ.

ಈ ಶೈಲಿಯಲ್ಲಿ ಚಿನ್ನದ ರೇಕು, ಅಂದರೆ ತೀರಾ ತೆಳುವಾದ ಚಿನ್ನದ ಹಾಳೆ, ಕೂರಿಸುವ ಜಾಗಕ್ಕೆ ಮೊದಲು ಉಬ್ಬು ಬರಿಸಬೇಕು. ಅದಕ್ಕೆ ಮಕ್ಕಿ ಸಫೇದ ಎನ್ನುವ ಮಿಶ್ರಣ. ಬಿಳಿ ಪುಡಿ, ಅಂಟು, ಹಳದಿ ಬಣ್ಣದ ಒಂದು ಮರದ ಹಾಲು, ಇವನ್ನು ಅರೆದು ಅರೆದು ಒಂದು ಮಾಡುವುದು. ಹಿಂದೆ ಬಿಳಿಗೆ ಸೀಸದ ಪುಡಿ ಬಳಸುತ್ತಿದ್ದರು, ಅದು ವಿಷ. ನಾನು ಕಲಿತದ್ದು ಜಿಂಕ್ ವೈಟ್‌ನಲ್ಲಿ. ಸಣ್ಣ ಕುಂಚದ ತುದಿಯಿಂದ ಎಳೆ ಎಳೆಯಾಗಿ, ಒಂದು ಒಣಗಿದ ಮೇಲೆ ಇನ್ನೊಂದು. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಗಾಜು ಎಲ್ಲ ಕೂಡಿಸುತ್ತಾರೆ. ಮೈಸೂರಿನದು ತೆಳು. ಕೈಯಾಡಿಸಿದರೆ ಗೊತ್ತಾಗುವಷ್ಟೇ. ನನಗೆ ಇದೇ ಇಷ್ಟ, ಇದರಲ್ಲಿ ಒಂದು ಸಂಕೋಚ ಇದೆ.

ಚಿನ್ನದ ರೇಕು ಇಡುವ ದಿನ ಏಪ್ರಿಲ್ ಸೆಖೆ. ಫ್ಯಾನ್ ಹಾಕುವ ಹಾಗಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ಉಸಿರು ಬಿಟ್ಟರೆ ರೇಕು ಮಡಚಿಕೊಳ್ಳುತ್ತದೆ. ಹಚ್ಚಿದ ಅಂಟು ಒದ್ದೆ ಇದ್ದರೆ ರೇಕು ಮುಳುಗಿ ಮಂಕಾಗುತ್ತದೆ, ಒಣಗಿದರೆ ಹಿಡಿಯುವುದಿಲ್ಲ. ಬೆರಳಿನ ಹಿಂಭಾಗ ತಾಗಿಸಿ ನೋಡಬೇಕು. ಅಂಟಬಾರದು, ಆದರೆ ಬಿಡಲು ಸ್ವಲ್ಪ ಹಿಂಜರಿಯಬೇಕು. ಗುರುಗಳು ಹೀಗೆ ಹೇಳಿದಾಗ ನನಗೆ ಆ ನೀರಿನ ಬಟ್ಟಲು ಕಣ್ಣಿಗೆ ಬಂತು.

ಮೊದಲು ನಾನು ಚಿನ್ನ ಹಾಕಿದ್ದು ಬೆಲ್ಲದ ಅಚ್ಚುಗಳಿಗೆ. ಬೆಲ್ಲ ಹೊನ್ನಿನ ಬಣ್ಣ ಅಲ್ವಾ, ಸರಿ ಹೋಗುತ್ತದೆ ಅಂದುಕೊಂಡೆ. ಮುಗಿಸಿ ದೂರದಿಂದ ನೋಡಿದರೆ ಬೆಲ್ಲ ಸತ್ತಿತ್ತು. ಬೆಲ್ಲ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಚಿನ್ನ ವಾಪಸ್ ಎಸೆಯುತ್ತದೆ. ಎರಡೂ ಹಳದಿ ಅನ್ನುವುದು ಬಿಟ್ಟರೆ ಸಂಬಂಧವೇ ಇಲ್ಲ. ಗುರುಗಳು ಚಿತ್ರವನ್ನು ಕತ್ತಲೆ ಕೋಣೆಗೆ ತೆಗೆದುಕೊಂಡು ಹೋಗಿ ಒಂದು ಎಣ್ಣೆ ದೀಪ ಹಚ್ಚಿದರು. ದೀಪ ಅಲುಗಾಡಿದ ಹಾಗೆ ಚಿನ್ನವೂ ಅಲುಗಾಡಿತು. "ಇದನ್ನ ಟ್ಯೂಬ್‌ಲೈಟಿಗೆ ಮಾಡಿದ್ದಲ್ಲಮ್ಮಾ. ದೇವರ ಮನೆ ದೀಪಕ್ಕೆ" ಅಂದರು.

ಮತ್ತೆ ಮಾಡಿದೆ. ಈ ಸಲ ಬೆಲ್ಲಕ್ಕೆ ಬರೀ ಬಣ್ಣ. ಚಿನ್ನ ಒಂದೇ ಕಡೆ, ಒಲೆ ಬಾಯಿಯ ಸುತ್ತ ನಾಲಗೆ ನಾಲಗೆಯಾಗಿ. ಮೇಲೆ ತೆಳು ಕಾಗದ ಇಟ್ಟು ನುಣುಪು ಕಲ್ಲಿನಿಂದ ಉಜ್ಜಿದೆ. ಹಗಲಲ್ಲಿ ನೋಡಿದರೆ ಆ ಚಿತ್ರ ಸುಮಾರಾಗಿದೆ. ದೀಪದಲ್ಲಿ ನೋಡಿದರೆ ಒಲೆ ಉರಿಯುತ್ತದೆ. ಈ ವರ್ಷ ನಾನು ಮಾಡಿದ್ದರಲ್ಲಿ ನನಗೆ ತೀರಾ ಹತ್ತಿರದ್ದು ಇದು.

ಈ ನಡುವೆ ಅರಮನೆಯ ಕಲಾವಿದರಾಗಿದ್ದ ಕೆ. ವೆಂಕಟಪ್ಪನವರ ಬಗ್ಗೆ ತುಂಬಾ ಯೋಚಿಸುತ್ತಿದ್ದೆ. 1886ರಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಊಟಿಯ ಮಂಜನ್ನು ಜಲವರ್ಣದಲ್ಲಿ ಬರೆದರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು, ವೀಣೆಯನ್ನೂ ಶ್ರದ್ಧೆಯಿಂದ ಕಲಿತರು. ಒಬ್ಬ ಮನುಷ್ಯ ಇಷ್ಟೆಲ್ಲ ಯಾಕೆ ಮಾಡಬೇಕು, ಒಂದನ್ನೇ ಹಿಡಿದುಕೊಳ್ಳಬಾರದಾ ಅಂತ ಮೊದಲ ವರ್ಷದಲ್ಲಿ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಮಂಜು ಪ್ಲಾಸ್ಟರಿಗೆ ಸಿಗುವುದಿಲ್ಲ. ಮುಖದ ಮೂಳೆ ಜಲವರ್ಣಕ್ಕೆ ಅಷ್ಟು ಸಿಗುವುದಿಲ್ಲ. ಯಾವುದು ಬೇಕೋ ಅದು ಇರುವ ಕಡೆಗೆ ಕೈ ಹೋಗುತ್ತದೆ.

ಕೊನೆಯದು ಕಾಗದ. ಇದು ಯಾರೂ ಹೇಳಿದ್ದಲ್ಲ. ಅಂಗಳದಲ್ಲಿ ಒಣಗುತ್ತಿದ್ದ ಸಿಪ್ಪೆ ನೋಡುತ್ತಾ, ಇದರ ಮೇಲೆ ಬರೆಯುವ ಬದಲು ಇದನ್ನೇ ಹಾಳೆ ಮಾಡಿದರೆ ಅನಿಸಿತು. ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ ಎರಡು ದಿನ ನೆನೆಹಾಕಿದೆ. ವಾಷಿಂಗ್ ಸೋಡಾ ಹಾಕಿ ದಿನವೆಲ್ಲ ಕುದಿಸಿದೆ. ನಾರನ್ನು ಹಿಡಿದಿಟ್ಟ ಅಂಟು ಬಿಡಬೇಕಲ್ಲ, ಅದಕ್ಕೆ. ನೀರು ತಿಳಿಯಾಗುವ ತನಕ ತೊಳೆದು, ಒರಳಲ್ಲಿ ಕುಟ್ಟಿದೆ. ತೊಟ್ಟಿಯ ನೀರಿನಲ್ಲಿ ಕಲಸಿ, ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಡಿದು, ಅದನ್ನು ಮುಳುಗಿಸಿ ಮಟ್ಟವಾಗಿ ಎತ್ತಿದರೆ ಜಾಲರಿಯ ಮೇಲೆ ನಾರಿನ ಪದರ ನಿಲ್ಲುತ್ತದೆ. ಹಳೆ ಪಂಚೆಯ ಮೇಲೆ ಮಗುಚಿ, ಒತ್ತಿ, ಒಣಗಿಸಬೇಕು.

ಮೊದಲ ಹಾಳೆಗಳು ಹಪ್ಪಳದ ಹಾಗೆ ಮುರಿದವು. ಕಬ್ಬಿನ ನಾರು ಗಿಡ್ಡ, ಒಂದಕ್ಕೊಂದು ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಅಮ್ಮನ ಹರಿದ ಕಾಟನ್ ಸೀರೆಯನ್ನು ಚೂರು ಮಾಡಿ, ಕುದಿಸಿ, ಕುಟ್ಟಿ ಸೇರಿಸಿದೆ. ಆಮೇಲೆ ಹಾಳೆ ಬಾಗಲು ಕಲಿಯಿತು. ಕಂದು ಬಣ್ಣ, ಅಲ್ಲಲ್ಲಿ ಸೀರೆಯ ನೀಲಿ ಎಳೆ. ಅದರ ಮೇಲೆ ಏನನ್ನೂ ಬರೆಯಬಾರದು, ಹಾಗೇ ತೂಗುಹಾಕಬೇಕು ಅಂತ ತೀರ್ಮಾನಿಸಿದ್ದೆ.

ದೊಡ್ಡಪ್ಪ ಒಂದು ಹಾಳೆ ಎತ್ತಿಕೊಂಡು ಬೆಳಕಿಗೆ ಹಿಡಿದರು. ಮೂಸಿ ನೋಡಿದರು. "ನಮ್ ಸಿಪ್ಪೇನಾ ಇದು?" ಅಂದರು. ಜೇಬಿನಿಂದ ಪೆನ್ನು ತೆಗೆದು, ಅವತ್ತಿನ ಅಚ್ಚಿನ ಲೆಕ್ಕ ಬರೆಯಲು ಶುರು ಮಾಡಿದರು. ನಾನು ಬೇಡ ಅನ್ನುವಷ್ಟರಲ್ಲಿ ಅಂಕಿ ಹರಡಿ ನೀಲಿ ಕಲೆಯಾಯಿತು.

"ಹೀರ್ಕತದಲ್ಲವ್ವ ಇದು."

"ಗಂಜಿ ಹಚ್ಚಿಲ್ಲ ದೊಡ್ಡಪ್ಪ. ಹಚ್ಚಿದ್ರೆ ನಿಲ್ಲುತ್ತೆ."

"ಅಂಗಾರೆ ಹಚ್ಚು ಮಗಾ."

ಅವತ್ತು ಸಂಜೆ ಅಕ್ಕಿ ಗಂಜಿ ಮಾಡಿ, ತೆಳ್ಳಗೆ ಸೋಸಿ, ಒಂದು ಹಾಳೆಗೆ ಒಂದು ಕೈ ಹಚ್ಚಿದೆ. ಇನ್ನೊಂದಕ್ಕೆ ಎರಡು ಕೈ, ಮತ್ತೊಂದಕ್ಕೆ ಮೂರು. ಮಾರನೇ ದಿನ ಕೊಪ್ಪರಿಗೆ ಕುದಿಯುತ್ತಿರುವಾಗ ದೊಡ್ಡಪ್ಪ ಬಂದು ಮೂರನ್ನೂ ಸಾಲಾಗಿ ಇಟ್ಟುಕೊಂಡರು. ಮೊದಲನೆಯದರ ಮೇಲೆ ಒಂದು ಅಂಕಿ ಬರೆದರು, ಹರಡಿತು. ಎರಡನೆಯದರ ಮೇಲೆ ಬರೆದರು, ಅಂಚು ಸ್ವಲ್ಪ ಒಡೆಯಿತು. ತಲೆ ಆಡಿಸಿದರು. ಮೂರನೆಯದರ ಮೇಲೆ ಬರೆದು, ಹೆಬ್ಬೆರಳಿನಿಂದ ಒರೆಸಿ, ಕಣ್ಣ ಹತ್ತಿರ ಹಿಡಿದು ನೋಡಿದರು.

"ನಿಂತ್ಕತು" ಅಂದರು. ಹಾಳೆ ನನ್ನ ಕೈಗೆ ಕೊಟ್ಟು, ನೀರಿನ ಬಟ್ಟಲು ಹಿಡಿದುಕೊಂಡು ಕೊಪ್ಪರಿಗೆ ಕಡೆ ಹೋದರು.